ಮೋಶೆಯ ಪಂಚಗ್ರಂಥಗಳು: ಕರ್ತೃತ್ವ ಮತ್ತು ಐತಿಹಾಸಿಕತೆ

ಬೈಬಲ್ಲಿನ ಆದಿಭಾಗದಲ್ಲಿ ಬರುವ ಐದು ಗ್ರಂಥಗಳನ್ನು ಕನ್ನಡ ಅನುವಾದವು ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ ಎಂದು ಹೆಸರಿಸಿದೆ. ರಾಮಾಯಣವನ್ನು ಬಲ್ಲವರಿಗೆ ಈ ‘ಕಾಂಡ’ ವಿಭಾಗವು ಹೊಸದಲ್ಲ. ಯೆಹೂದ್ಯರು ಈ ಐದನ್ನೂ ಒಟ್ಟಾಗಿ ‘ತೋರಾ’ ಎಂದು ಕರೆದು ತಮ್ಮ ಧರ್ಮಗ್ರಂಥಗಳಲ್ಲೆಲ್ಲ ಅಗ್ರಸ್ಥಾನದಲ್ಲಿ ಇರಿಸಿದ್ದಾರೆ. ಜಗತ್ತಿನ ಸೃಷ್ಟಿ, ಜಲಪ್ರಳಯ, ಅಬ್ರಹಾಮನ ವಂಶದ ಕಥೆ, ಐಗುಪ್ತದ ದಾಸ್ಯದಿಂದ ಇಸ್ರಾಯೇಲ್ಯರ ಬಿಡುಗಡೆ, ಸೀನಾಯಿ ಬೆಟ್ಟದಲ್ಲಿ ಅವರಿಗೆ ದೊರೆತ ಧರ್ಮಶಾಸ್ತ್ರ ಇವೆಲ್ಲವೂ ಇಲ್ಲಿ ಅಡಕವಾಗಿವೆ. ಇವುಗಳ ಕರ್ತೃ ಸ್ವತಃ ಮೋಶೆಯೇ ಎಂಬುದು ಪರಂಪರೆಯ ನಂಬಿಕೆ. ಈ ನಂಬಿಕೆಯ ಸುತ್ತ ಎರಡು ಪ್ರಶ್ನೆಗಳು ಬೆಳೆದು ಬಂದಿವೆ. ಇವನ್ನು ಬರೆದವರು ಯಾರು ಎಂಬುದೊಂದು. ಇಲ್ಲಿ ಹೇಳಿದ ಸಂಗತಿಗಳು ನಿಜವಾಗಿ ನಡೆದವೆ ಎಂಬುದು ಇನ್ನೊಂದು. ಇವೆರಡನ್ನೂ ಒಂದೇ ಎಂದು ಭಾವಿಸಿದುದರಿಂದ ವಾದವು ಎಷ್ಟೋ ಕಡೆ ದಾರಿ ತಪ್ಪಿದೆ.

ಮೊದಲನೆಯ ಪ್ರಶ್ನೆಗೆ ಬೇಕಾದ ಅಂತಃಸಾಕ್ಷ್ಯವು ಗ್ರಂಥದಲ್ಲಿಯೇ ಇದೆ. ಧರ್ಮೋಪದೇಶಕಾಂಡದ ಕೊನೆಯ ಅಧ್ಯಾಯವು ಮೋಶೆಯ ಮರಣವನ್ನೂ ಅವನ ಸಮಾಧಿಯನ್ನೂ ವರ್ಣಿಸಿ, ಆ ಸಮಾಧಿ ಎಲ್ಲಿದೆಯೆಂದು ಇಂದಿನವರೆಗೂ ಯಾರೂ ತಿಳಿಯರು ಎನ್ನುತ್ತದೆ. ತನ್ನ ಮರಣಾನಂತರದ ಮಾತನ್ನು ಮೋಶೆ ಬರೆದುದು ಹೇಗೆ? ಈ ತೊಡಕು ಪ್ರಾಚೀನ ಯೆಹೂದ್ಯ ಆಚಾರ್ಯರಿಗೂ ತಿಳಿದಿತ್ತು. ಕಡೆಯ ಎಂಟು ವಾಕ್ಯಗಳನ್ನು ಮೋಶೆಯ ಉತ್ತರಾಧಿಕಾರಿಯಾದ ಯೆಹೋಶುವನು ಬರೆದನೆಂದು ತಾಲ್ಮುದಿನಲ್ಲಿ ಒಂದು ಪಕ್ಷವುಂಟು. ದೇವರು ನುಡಿದುದನ್ನು ಮೋಶೆಯೇ ಕಣ್ಣೀರಿಡುತ್ತ ಬರೆದನೆಂಬುದು ಇನ್ನೊಂದು ಪಕ್ಷ. ಇಸ್ರಾಯೇಲ್ಯರನ್ನು ಅರಸರು ಆಳುವುದಕ್ಕೆ ಮೊದಲು ಎದೋಮಿನಲ್ಲಿ ಆಳಿದವರ ಪಟ್ಟಿಯೊಂದು ಆದಿಕಾಂಡದ 36ನೆಯ ಅಧ್ಯಾಯದಲ್ಲಿದೆ. ಇಸ್ರಾಯೇಲಿನಲ್ಲಿ ಅರಸೊತ್ತಿಗೆ ಸ್ಥಾಪಿತವಾದುದು ಮೋಶೆಯ ಕಾಲದ ಎಷ್ಟೋ ತಲೆಮಾರುಗಳ ಅನಂತರ. ಹೀಗಿರಲು ಈ ಮಾತನ್ನು ಬರೆದವನು ಅರಸರನ್ನು ಕಂಡಿದ್ದವನೇ ಆಗಿರಬೇಕು. 12ನೆಯ ಶತಮಾನದ ಸ್ಪೇನಿನ ವ್ಯಾಖ್ಯಾನಕಾರ ಇಬ್ನ್ ಎಜ್ರಾ ಇಂತಹ ಸ್ಥಳಗಳನ್ನು ಗುರುತಿಸಿ, ತಿಳಿದವನು ಮೌನವಾಗಿರಲಿ ಎಂಬ ಧಾಟಿಯಲ್ಲಿ ಸೂಚ್ಯವಾಗಿ ಬರೆದು ಮುಂದೆ ಸಾಗಿದನು. ಆ ಮೌನವನ್ನು ಮುರಿದವನು ಸ್ಪಿನೋಜ. 1670ರಲ್ಲಿ ತನ್ನ ಹೆಸರನ್ನು ಹಾಕದೆಯೇ ಪ್ರಕಟಿಸಿದ ಗ್ರಂಥದಲ್ಲಿ ಅವನು ಈ ಐದು ಕಾಂಡಗಳು ಮೋಶೆಯ ಕೃತಿಯಲ್ಲವೆಂದು ಸ್ಪಷ್ಟವಾಗಿ ವಾದಿಸಿದನು.

ಗ್ರಂಥವು ಒಂದೇ ಕೈಯದಲ್ಲವೆಂಬುದಕ್ಕೆ ದೊರೆತ ಮುಖ್ಯವಾದ ಸುಳಿವು ದೇವರ ನಾಮಗಳದು. ಇದನ್ನು ಕನ್ನಡ ಬೈಬಲ್ಲಿನಲ್ಲಿಯೇ ಪರೀಕ್ಷಿಸಬಹುದು. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಸೃಷ್ಟಿಕರ್ತನು ಬರಿಯ ‘ದೇವರು’. ಎರಡನೆಯ ಅಧ್ಯಾಯದ ನಾಲ್ಕನೆಯ ವಾಕ್ಯದಿಂದ ಅವನು ‘ಯೆಹೋವದೇವರು’. ಹೆಸರಿನೊಡನೆ ಕಥೆಯೂ ಬದಲಾಗುತ್ತದೆ. ಮೊದಲನೆಯ ವೃತ್ತಾಂತದಲ್ಲಿ ಸಸ್ಯಗಳು, ಪ್ರಾಣಿಗಳು, ಕಡೆಗೆ ಸ್ತ್ರೀಪುರುಷರು ಸೃಷ್ಟಿಯಾಗುತ್ತಾರೆ. ಎರಡನೆಯದರಲ್ಲಿ ಪುರುಷನು ಮೊದಲು, ಅನಂತರ ಉದ್ಯಾನ, ಪ್ರಾಣಿಗಳು, ಎಲ್ಲಕ್ಕೂ ಕಡೆಯಲ್ಲಿ ಸ್ತ್ರೀ. ನೋಹನ ನಾವೆಗೆ ಒಂದು ಕಡೆ ಪ್ರತಿ ಜಾತಿಯಿಂದ ಒಂದು ಜೋಡಿಯೂ ಮತ್ತೊಂದು ಕಡೆ ಶುದ್ಧ ಪಶುಗಳಲ್ಲಿ ಏಳೇಳೂ ಸೇರುತ್ತವೆ. ಫ್ರಾನ್ಸಿನ ಅರಸ 15ನೆಯ ಲೂಯಿಯ ವೈದ್ಯನಾಗಿದ್ದ ಝಾನ್ ಆಸ್ಟ್ರುಕ್ ಈ ನಾಮಭೇದವನ್ನು ಆಧಾರವಾಗಿಟ್ಟುಕೊಂಡು ಆದಿಕಾಂಡವನ್ನು ಬೇರೆ ಬೇರೆ ಆಕರಗಳಾಗಿ ವಿಂಗಡಿಸಿ 1753ರಲ್ಲಿ ಅನಾಮಿಕವಾಗಿ ಪ್ರಕಟಿಸಿದನು. ಅವನ ಉದ್ದೇಶವು ಮೋಶೆಯನ್ನು ಅಲ್ಲಗಳೆಯುವುದಾಗಿರಲಿಲ್ಲ. ಮೋಶೆಯು ಹಳೆಯ ಬರಹಗಳನ್ನು ಬಳಸಿಕೊಂಡನೆಂದು ತೋರಿಸಿ ಅವನ ಕರ್ತೃತ್ವವನ್ನು ಉಳಿಸುವುದೇ ಅವನ ಇಚ್ಛೆಯಾಗಿತ್ತು. ಆದರೆ ಅವನು ಕೊಟ್ಟ ಸಲಕರಣೆಯು ಮುಂದಿನವರ ಕೈಯಲ್ಲಿ ಬೇರೆಯೇ ಕೆಲಸ ಮಾಡಿತು.

ಜರ್ಮನಿಯ ಡಿ ವೆಟ್ಟೆ 1805ರಲ್ಲಿ ಧರ್ಮೋಪದೇಶಕಾಂಡವನ್ನು ಕುರಿತು ಮಹತ್ತ್ವದ ಊಹೆಯೊಂದನ್ನು ಮಂಡಿಸಿದನು. ಕ್ರಿ.ಪೂ. 622ರ ಸುಮಾರಿಗೆ ಯೋಷೀಯನೆಂಬ ಅರಸನ ಕಾಲದಲ್ಲಿ ಯೆರೂಸಲೇಮಿನ ದೇವಾಲಯದಲ್ಲಿ ಧರ್ಮಶಾಸ್ತ್ರದ ಒಂದು ಗ್ರಂಥ ದೊರೆಯಿತೆಂದು ಬೈಬಲ್ಲೇ ಹೇಳುತ್ತದೆ. ಆ ಗ್ರಂಥವೇ ಇದು, ಇದರ ರಚನೆಯೂ ಆ ಕಾಲಕ್ಕೆ ಸಮೀಪವಾದುದು ಎಂಬುದು ಅವನ ಮತದ ಸಾರ. ಯೂಲಿಯಸ್ ವೆಲ್‌ಹೌಸನ್ 1878ರಲ್ಲಿ ಇಂತಹ ವಿಚಾರಗಳನ್ನೆಲ್ಲ ಕ್ರೋಡೀಕರಿಸಿ, ನಾಲ್ಕು ಆಕರಗಳು ಬೇರೆ ಬೇರೆ ಕಾಲದಲ್ಲಿ ಹುಟ್ಟಿ ಕ್ರಮೇಣ ಒಂದಾದವೆಂಬ ಸಿದ್ಧಾಂತಕ್ಕೆ ಪ್ರಸಿದ್ಧವಾದ ರೂಪವನ್ನು ಕೊಟ್ಟನು. ತನ್ನ ಬೋಧನೆಯು ವಿದ್ಯಾರ್ಥಿಗಳನ್ನು ಸಭೆಯ ಸೇವೆಗೆ ಅಣಿಗೊಳಿಸುವುದಿಲ್ಲವೆಂದು ತೋರಿದಾಗ 1882ರಲ್ಲಿ ಗ್ರೈಫ್ಸ್‌ವಾಲ್ಡ್ ವಿಶ್ವವಿದ್ಯಾಲಯದ ದೈವಶಾಸ್ತ್ರ ಪೀಠವನ್ನು ತಾನಾಗಿಯೇ ತ್ಯಜಿಸಿದನು. 1970ರ ದಶಕದಿಂದೀಚೆಗೆ ಅವನ ನಾಲ್ಕು ಆಕರಗಳ ವಿಂಗಡಣೆಯು ಬಲವಾದ ಆಕ್ಷೇಪಣೆಗಳಿಗೆ ಗುರಿಯಾಗಿದೆ. ಆದರೂ ಗ್ರಂಥವು ಶತಮಾನಗಳಲ್ಲಿ ಅನೇಕರ ಕೈಗಳಿಂದ ಬೆಳೆದುದೆಂಬ ಮಾತನ್ನು ವಿಮರ್ಶಕ ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ.

ಎರಡನೆಯ ಪ್ರಶ್ನೆಯನ್ನು, ಎಂದರೆ ಐತಿಹಾಸಿಕತೆಯ ಪ್ರಶ್ನೆಯನ್ನು, ಇಂಗ್ಲಿಷ್ ಜಗತ್ತಿನ ಮುಂದೆ ತೀವ್ರವಾಗಿ ಇರಿಸಿದವನು ವಿದ್ಯಾಪೀಠದ ಪಂಡಿತನಲ್ಲ, ಒಬ್ಬ ಬಿಷಪ್. ಗಣಿತದ ಪಠ್ಯಪುಸ್ತಕಗಳಿಂದ ಹೆಸರಾಗಿದ್ದ ಜಾನ್ ವಿಲಿಯಂ ಕೊಲೆನ್ಸೊ 1853ರಲ್ಲಿ ದಕ್ಷಿಣ ಆಫ್ರಿಕದ ನೆಟಾಲಿಗೆ ಬಿಷಪ್ಪನಾಗಿ ನೇಮಕಗೊಂಡನು. ಅಲ್ಲಿ ಜುಲು ಭಾಷೆಯನ್ನು ಕಲಿತು, ಅದರ ವ್ಯಾಕರಣವನ್ನೂ ನಿಘಂಟನ್ನೂ ರಚಿಸಿ, ವಿಲಿಯಂ ಎನ್ಗಿಡಿ ಎಂಬ ಜುಲು ಸಹಾಯಕನೊಡನೆ ಬೈಬಲ್ಲನ್ನು ಅನುವಾದಿಸತೊಡಗಿದನು. ಜಲಪ್ರಳಯದ ಭಾಗಕ್ಕೆ ಬಂದಾಗ ಎನ್ಗಿಡಿಯು ಇದೆಲ್ಲವೂ ನಿಜವೆ ಎಂದು ಕೇಳಿದನು. ತನಗೆ ನಿಜವೆಂದು ತೋರದುದನ್ನು ದೇವರ ಹೆಸರಿನಲ್ಲಿ ನಿಜವೆನ್ನಲು ಕೊಲೆನ್ಸೊವಿನ ಮನಸ್ಸು ಒಪ್ಪಲಿಲ್ಲ. ಅನುವಾದಕನಷ್ಟು ನಿಧಾನವಾಗಿ ಗ್ರಂಥವನ್ನು ಓದುವವನು ಬೇರೊಬ್ಬನಿಲ್ಲ. ಪ್ರಶ್ನೆ ಅಲ್ಲಿಂದ ಎದ್ದುದು ಆಶ್ಚರ್ಯವಲ್ಲ.

1862ರಿಂದ ಪ್ರಕಟವಾಗತೊಡಗಿದ ತನ್ನ ಗ್ರಂಥದಲ್ಲಿ ಅವನು ಲೆಕ್ಕವನ್ನೇ ಪ್ರಮಾಣವಾಗಿ ಹಿಡಿದನು. ಐಗುಪ್ತವನ್ನು ಬಿಟ್ಟು ಹೊರಟವರಲ್ಲಿ ಯುದ್ಧಯೋಗ್ಯರಾದ ಪುರುಷರೇ 6,03,550 ಮಂದಿ ಎಂದು ಅರಣ್ಯಕಾಂಡ ಹೇಳುತ್ತದೆ. ಹೆಂಗಸರು ಮಕ್ಕಳು ಸೇರಿದರೆ ಇದು ಸುಮಾರು 20 ಲಕ್ಷ. ಇಷ್ಟು ಜನ ತಮ್ಮ ಮಂದೆಗಳೊಡನೆ ಮರುಭೂಮಿಯಲ್ಲಿ 40 ವರ್ಷ ಬದುಕಬೇಕು. ಅದೇ ಕಾಂಡವು ಚೊಚ್ಚಲು ಗಂಡುಮಕ್ಕಳ ಸಂಖ್ಯೆಯನ್ನು 22,273 ಎನ್ನುತ್ತದೆ. ಎರಡೂ ಸರಿಯಾಗಬೇಕಾದರೆ ಒಬ್ಬೊಬ್ಬ ತಾಯಿಗೂ ಸರಾಸರಿ 40ರಷ್ಟು ಗಂಡುಮಕ್ಕಳಿರಬೇಕು! ಸರ್ವ ಸಮೂಹವೂ ನೆರೆಯಿತೆಂಬ ಗುಡಾರದ ಅಂಗಳವಾದರೋ ನೂರು ಮೊಳ ಉದ್ದ, ಐವತ್ತು ಮೊಳ ಅಗಲ. ಈ ಲೆಕ್ಕಕ್ಕೆ ಉತ್ತರಗಳೂ ಬಂದವು. ‘ಎಲೆಫ್’ ಎಂಬ ಹೀಬ್ರೂ ಪದಕ್ಕೆ ಸಾವಿರವೆಂಬಂತೆ ಕುಲ, ಗುಂಪು ಎಂಬ ಅರ್ಥವೂ ಇರುವುದರಿಂದ ಮೂಲದ ಸಂಖ್ಯೆ ತೀರ ಚಿಕ್ಕದಾಗಿರಬಹುದೆಂಬುದು ಅನಂತರ ಸೂಚಿತವಾದ ಒಂದು ಸಮಾಧಾನ. ಕೊಲೆನ್ಸೊವಿನ ಅಂಕಗಣಿತವು ಸಂಖ್ಯೆಯನ್ನು ಅಲ್ಲಗಳೆಯಬಲ್ಲುದೇ ಹೊರತು, ಒಂದು ಚಿಕ್ಕ ಸಮೂಹವು ದಾಸ್ಯದಿಂದ ಪಾರಾಗಿ ಬಂದಿರಬಹುದಾದ ಸಂಭವವನ್ನಲ್ಲ. ಈ ಅಂತರವನ್ನು ಅಂದಿನ ಕೋಲಾಹಲದಲ್ಲಿ ಗಮನಿಸಿದವರು ವಿರಳ.

ಕೇಪ್‌ಟೌನಿನ ಬಿಷಪ್ ರಾಬರ್ಟ್ ಗ್ರೇ 1863ರಲ್ಲಿ ಕೊಲೆನ್ಸೊವನ್ನು ಪದಚ್ಯುತಗೊಳಿಸಿದನು. ಲಂಡನ್ನಿನ ಪ್ರಿವಿ ಕೌನ್ಸಿಲ್ 1865ರಲ್ಲಿ ಆ ತೀರ್ಪನ್ನು ಅಸಿಂಧುವೆಂದು ಸಾರಿತು. 1866ರಲ್ಲಿ ಬಹಿಷ್ಕಾರವೂ ಆಯಿತು. ಆದರೂ ಕೊಲೆನ್ಸೊ 1883ರಲ್ಲಿ ತೀರಿಕೊಳ್ಳುವವರೆಗೂ ನೆಟಾಲಿನಲ್ಲಿಯೇ ಇದ್ದು, ವಸಾಹತು ಸರಕಾರದ ಅನ್ಯಾಯಗಳಿಗೆ ಎದುರಾಗಿ ಆಫ್ರಿಕನ್ ನಾಯಕರ ಪರವಾಗಿ ನಿಂತನು. ಜುಲು ಜನರು ಅವನನ್ನು ‘ಸೊಬಾಂಟು’, ಎಂದರೆ ಜನರ ತಂದೆ, ಎಂದು ಕರೆದರು.

ಲೆಕ್ಕದಿಂದ ತೀರದ ಪ್ರಶ್ನೆಗೆ ಭೂಶೋಧನೆಯು ಕೊಟ್ಟಿರುವ ಬಹಿಃಸಾಕ್ಷ್ಯ ಮಿಶ್ರವಾದುದು. 1896ರಲ್ಲಿ ಪೆಟ್ರಿ ಎಂಬ ಶೋಧಕನಿಗೆ ಐಗುಪ್ತದ ಥೀಬ್ಸಿನಲ್ಲಿ ದೊರೆತ ಮೆರ್ನೆಪ್ಟಾ ಅರಸನ ಶಿಲಾಶಾಸನದಲ್ಲಿ ಇಸ್ರಾಯೇಲ್ ಎಂಬ ಜನದ ಹೆಸರಿದೆ. ಅದರ ಕಾಲ ಕ್ರಿ.ಪೂ. 1208ರ ಸುಮಾರು. ಆ ವೇಳೆಗೆ ಕಾನಾನಿನಲ್ಲಿ ಆ ಜನರಿದ್ದುದು ಇದರಿಂದ ತಿಳಿಯುತ್ತದೆ, ಅವರು ಐಗುಪ್ತದಿಂದ ಬಂದುದು ತಿಳಿಯುವುದಿಲ್ಲ. ಲಕ್ಷಾಂತರ ಜನ ಸೀನಾಯಿಯಲ್ಲಿ ಅಲೆದುದಕ್ಕೆ ಕುರುಹು ದೊರೆತಿಲ್ಲ. 1979ರಲ್ಲಿ ಯೆರೂಸಲೇಮಿನ ಕೆತೆಫ್ ಹಿನ್ನೋಮ್ ಎಂಬಲ್ಲಿ, ಸಮಾಧಿಗುಹೆಯೊಂದರಲ್ಲಿ, ಸುರುಳಿಯಾಗಿ ಸುತ್ತಿದ ಎರಡು ಚಿಕ್ಕ ಬೆಳ್ಳಿಯ ತಗಡುಗಳು ಸಿಕ್ಕಿದವು. ಬಿಡಿಸಿ ನೋಡಿದಾಗ ಅರಣ್ಯಕಾಂಡದ 6ನೆಯ ಅಧ್ಯಾಯದಲ್ಲಿರುವ ಯಾಜಕರ ಆಶೀರ್ವಚನದ ಮಾತುಗಳು ಕಂಡುಬಂದವು. ಕ್ರಿ.ಪೂ. 600ರ ಸುಮಾರಿನವೆಂದು ಬಹುಮಂದಿ ಎಣಿಸುವ ಈ ತಗಡುಗಳು, 1947ರಿಂದ ಮೃತಸಮುದ್ರದ ಬಳಿ ದೊರೆತ ಸುರುಳಿಗಳಿಗಿಂತ ಶತಮಾನಗಳಷ್ಟು ಹಿಂದಿನವು. ಕಾಂಡಗಳು ಇಂದಿನ ರೂಪಕ್ಕೆ ಬರುವುದಕ್ಕೆ ಮೊದಲೇ ಆ ಮಾತುಗಳನ್ನು ಯಾರೋ ರಕ್ಷೆಯಾಗಿ ಧರಿಸಿದ್ದರು. ಅವನ್ನು ಮೊದಲು ನುಡಿದವರ ಹೆಸರು ಆ ಬೆಳ್ಳಿಯ ಮೇಲಿಲ್ಲ.