ಜಪ್ತಿಗೆ ಒಳಗಾಗುವುದೂ ಆಗದುದೂ

ಕಳೆದ ಮಾಘಮಾಸದ ಒಂದು ಸಂಜೆ ನೆರೆಮನೆಯ ಗೃಹಿಣಿಯೊಬ್ಬರು ನಮ್ಮಲ್ಲಿಗೆ ಬಂದು, “ಮೇಷ್ಟ್ರೇ, ಯಜಮಾನರ ಕೈಸಾಲಕ್ಕೆ ಡಿಕ್ರಿಯಾಗಿದೆ. ಅಮೀನರು ಬಂದರೆ ನನ್ನ ತಾಳಿಯನ್ನೂ ಬಿಡುವುದಿಲ್ಲವಂತೆ, ಹೌದೆ?” ಎಂದು ಕಣ್ಣೊರಸಿಕೊಂಡರು. ವ್ಯಾಕರಣವನ್ನು ಬೋಧಿಸಿದ ನಮಗೆ ನ್ಯಾಯಾಲಯದ ಪರಿಚಯವು ಅಲ್ಪ. ಆದರೂ 1908ನೆಯ ಇಸವಿಯ ಸಿವಿಲ್ ಪ್ರಕ್ರಿಯಾ ಸಂಹಿತೆಯನ್ನು ತೆರೆದು ಅದರ 60ನೆಯ ಪ್ರಕರಣವನ್ನು ಆಕೆಗೆ ಓದಿ ಹೇಳಿದೆವು. ಗೃಹಸ್ಥರೆಲ್ಲರೂ ತಿಳಿದಿರತಕ್ಕ ವಿಷಯವಾದುದರಿಂದ ವಾಚಕರ ಮುಂದೆಯೂ ಇಡುತ್ತಿರುವೆವು.

ಋಣಿಯ ಹೊಲ, ನಿವೇಶನ, ಬ್ಯಾಂಕಿನ ಠೇವಣಿ, ಷೇರುಪತ್ರ, ವಾಹನ, ಇವೆಲ್ಲ ಜಪ್ತಿಗೆ ಒಳಗಾಗತಕ್ಕವೇ. ಆದರೆ ಅವನ ಮತ್ತು ಅವನ ಹೆಂಡಿರುಮಕ್ಕಳ ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಮಂಚ ಹಾಸಿಗೆಗಳನ್ನು ಮುಟ್ಟುವಂತಿಲ್ಲ. ಧರ್ಮಾಚಾರದಂತೆ ಸ್ತ್ರೀಯು ಅಗಲಿರಬಾರದ ಆಭರಣಕ್ಕೂ ಈ ರಕ್ಷೆಯುಂಟು. ತವರಿನ ಬಳೆ ಸರಗಳಾದರೋ ಆಕೆಯ ಸ್ತ್ರೀಧನ. ಆಕೆಯೇ ಸಾಲಪತ್ರಕ್ಕೆ ಸಹಿ ಹಾಕಿದ್ದ ಹೊರತು ಗಂಡನ ಸಾಲಕ್ಕೆ ಅವು ಸಲ್ಲವು. ಬಡಗಿಯ ಉಳಿ ಬಾಚಿ, ರೈತನ ನೇಗಿಲು, ಜೀವನೋಪಾಯಕ್ಕೆ ಬೇಕಾದಷ್ಟು ಎತ್ತು, ಬಿತ್ತನೆಯ ಕಾಳು, ಅವನು ವಾಸಿಸುವ ಮನೆ, ಇವೂ ಸುರಕ್ಷಿತ. ಪಟ್ಟಣದ ಗುಮಾಸ್ತನ ಸ್ವಂತ ಮನೆಗೆ ಮಾತ್ರ ಆ ಭಾಗ್ಯವಿಲ್ಲವೆಂಬುದನ್ನು ಅನೇಕರು ಅರಿಯರು.

ಸಂಬಳದಲ್ಲಿ ಮೊದಲ 1,000 ರೂಪಾಯಿಯನ್ನೂ, ಉಳಿದುದರ ಮೂರರಲ್ಲಿ ಎರಡು ಪಾಲನ್ನೂ ಬಿಡಬೇಕು. ತಿಂಗಳಿಗೆ 31,000 ಬರುವವನಿಗೆ 21,000 ಉಳಿದು 10,000 ಜಪ್ತಿಯಾಗುವುದು. ಒಂದೇ ಡಿಕ್ರಿಗಾಗಿ ಒಟ್ಟು 24 ತಿಂಗಳು ಜಪ್ತಿ ನಡೆದರೆ ಆ ಡಿಕ್ರಿಗೆ ಸಂಬಳವು ಮತ್ತೆ ಸಿಕ್ಕದು. ಹೆಂಡತಿಯ ಜೀವನಾಂಶದ ಡಿಕ್ರಿಯಾದರೆ ಸಂಬಳದ ಮೂರನೆಯ ಒಂದು ಪಾಲು ಮಾತ್ರ ಕೈಗೆ ಉಳಿಯುವುದು. ಇದು ಸರಿಯೆಂದೇ ನಮ್ಮ ಮತ. ಸರ್ಕಾರದ ನಿವೃತ್ತಿವೇತನ, ಭವಿಷ್ಯನಿಧಿ, ಜೀವವಿಮೆಯ ಹಣ, ಇವನ್ನು ಜಪ್ತಿಮಾಡಲಾಗದು. (ಇದನ್ನೋದಿ ನಾವೂ ಒಂದು ನಿಟ್ಟುಸಿರು ಬಿಟ್ಟೆವು!) ಈ ರಕ್ಷೆಯು ತನಗೆ ಬೇಡವೆಂದು ಋಣಿಯಿಂದ ಬರೆಸಿಕೊಂಡ ಕರಾರೂ 1976ರ ತಿದ್ದುಪಡಿಯಂತೆ ಅಸಿಂಧು.

“ಹಾಗಾದರೆ ಮಗನ ಸಂಬಳ?” ಎಂದರು ಆಕೆ. ನಮ್ಮ ಕಲ್ಯಾಣದ ವಿಜ್ಞಾನೇಶ್ವರನ ಮಿತಾಕ್ಷರೆಯಂತೆ ಪಿತೃಋಣವನ್ನು ತೀರಿಸುವುದು ಪುತ್ರನ ಧರ್ಮ. ಕುಡಿತ, ಜೂಜುಗಳ ಸಾಲಕ್ಕೆ ಮಾತ್ರ ವಿನಾಯಿತಿ. ಆದರೆ 2005ರ ಸೆಪ್ಟೆಂಬರ್ 9ರಿಂದೀಚೆಗೆ ಮಾಡಿದ ಸಾಲಕ್ಕೆ, ಆ ಧರ್ಮವೊಂದನ್ನೇ ಆಧಾರಮಾಡಿ ಮಗನ ಮೇಲೆ ಹೋಗಲು ಕಾನೂನು ಒಪ್ಪದು. ತಂದೆಯ ಕಾಲಾನಂತರ ಅವನಿಂದ ಬಂದ ಸ್ವತ್ತಿನ ಮಟ್ಟಿಗೆ ಹೊಣೆಯುಂಟು, ಅಷ್ಟೆ. ಆದರೆ ತಾನಾಗಿ ಜಾಮೀನು ನಿಂತವನನ್ನು ಯಾವ ಶಾಸ್ತ್ರವೂ ಕಾಯದು.

ಆಕೆ ತುಸುಹೊತ್ತು ಸುಮ್ಮನಿದ್ದು, ಸೆರಗಿನೊಳಗಿನಿಂದ ಮಡಿಸಿದ ಕಾಗದವೊಂದನ್ನು ತೆಗೆದರು. ಸಾಲ ಕೊಟ್ಟವರು ಮಗನ ಸಹಿಗೆಂದು ಕಳುಹಿಸಿದ್ದ ಜಾಮೀನುಪತ್ರವದು. ಸಹಿಯ ಸ್ಥಳವು ಇನ್ನೂ ಬರಿದಾಗಿತ್ತು. ಮೊದಲು ವಕೀಲರಿಗೆ ತೋರಿಸಿರೆಂದು ಹೇಳಿ, ಅವರ ಮನೆಯ ದಾರಿಯನ್ನು ಬರೆದುಕೊಟ್ಟೆವು.