ಇಸ್ತಾಂಬುಲ್: ದುಡಿಯುವ ಊರಿನಲ್ಲಿ ಒಂದು ದಿನ

ಇಸ್ತಾಂಬುಲ್ ಸುತ್ತಲು ಹೊರಡುವವರು ಹಿಂದಿನ ರಾತ್ರಿಯೇ ಮರುದಿನದ ನಮಾಜಿನ ವೇಳೆಯನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಇಲ್ಲಿನ ದೊಡ್ಡ ಮಸೀದಿಗಳಲ್ಲಿ ದಿನಕ್ಕೆ ಐದು ಹೊತ್ತು ಪ್ರಾರ್ಥನೆ ನಡೆಯುತ್ತದೆ; ಆ ಹೊತ್ತಿನಲ್ಲಿ ಪ್ರವಾಸಿಗರು ಹೊರಗೆ ಕಾಯಬೇಕು. ಶುಕ್ರವಾರ ಮಧ್ಯಾಹ್ನವಂತೂ ಇನ್ನೂ ಹೆಚ್ಚು ಕಾಯಬೇಕಾಗುತ್ತದೆ. ಚಾವಣಿ ಹೊದ್ದ ದೊಡ್ಡ ಬಜಾರು ಭಾನುವಾರ ಬಾಗಿಲು ತೆರೆಯುವುದಿಲ್ಲ. ತೋಪ್‌ಕಾಪಿ ಅರಮನೆಗೆ ಮಂಗಳವಾರ ರಜೆ. ಇಷ್ಟೆಲ್ಲ ಲೆಕ್ಕ ಹಾಕಿ ಸೆಪ್ಟೆಂಬರಿನ ಒಂದು ಗುರುವಾರವನ್ನು ಗೆಳೆಯರೆಲ್ಲ ಸೇರಿ ಗೊತ್ತುಮಾಡಿದೆವು. ಒಂದೂವರೆ ಕೋಟಿಗೂ ಹೆಚ್ಚು ಜನ ಬದುಕು ಕಟ್ಟಿಕೊಂಡಿರುವ ಈ ನಗರ ಪ್ರವಾಸಿಗಾಗಿ ತನ್ನ ದಿನಚರಿಯನ್ನು ಬದಲಿಸುವುದಿಲ್ಲ. ಅದರ ದೊಡ್ಡಗುಣ ಅಡಗಿರುವುದೇ ಅಲ್ಲಿ ಎಂದು ನನಗೆ ಅನ್ನಿಸಿದೆ. ಸಾವಿರ, ಒಂದೂವರೆ ಸಾವಿರ ವರ್ಷದ ಹಳೆಯ ಕಟ್ಟಡಗಳನ್ನು ಇಲ್ಲಿನ ಜನ ಕಾಪಾಡಿರುವುದು ಬಹುಮಟ್ಟಿಗೆ ಬಳಸುತ್ತಲೇ.

ನಮ್ಮ ಗುಂಪಿನಲ್ಲಿ ಸೇತುವೆ ಕಟ್ಟಿಸುವ ಎಂಜಿನಿಯರ್ ಗೆಳತಿ ಒಬ್ಬಳಿದ್ದಳು, ಹೈಸ್ಕೂಲಿನಲ್ಲಿ ಇತಿಹಾಸ ಹೇಳುವ ಮೇಷ್ಟ್ರೊಬ್ಬರಿದ್ದರು, ಹುಬ್ಬಳ್ಳಿಯಲ್ಲಿ ಜವಳಿ ಅಂಗಡಿ ನಡೆಸುವ ಗೆಳೆಯನಿದ್ದ. ಒಂದೇ ಜಾಗವನ್ನು ಮೂವರ ಕಣ್ಣಿನಿಂದ ನೋಡುವ ಅವಕಾಶ ನನ್ನದು.

ಬೆಳಿಗ್ಗೆ ಎಂಟರ ಹೊತ್ತಿಗೆ ಸುಲ್ತಾನ್‌ಅಹ್ಮತ್ ಚೌಕಕ್ಕೆ ಬಂದೆವು. ಕೆಂಪು ಗಾಡಿಯವನ ಹತ್ತಿರ ಸಿಮಿತ್ ಕೊಂಡೆವು. ಎಳ್ಳು ಮೆತ್ತಿ ಬೇಯಿಸಿದ, ಬಳೆಯ ಆಕಾರದ ಈ ರೊಟ್ಟಿ ಊರಿನ ಅರ್ಧಕ್ಕರ್ಧ ಜನರ ಬೆಳಗಿನ ತಿಂಡಿ. ತಿನ್ನುತ್ತ ನಿಂತ ಆ ಉದ್ದನೆಯ ಬಯಲು ರೋಮನ್ ಚಕ್ರವರ್ತಿಗಳ ಕಾಲದಲ್ಲಿ ರಥದೋಟದ ಮೈದಾನ. ಓಟದ ನಡುಗೆರೆಯಲ್ಲಿದ್ದ ಸ್ತಂಭಗಳು ಈಗಲೂ ಅಲ್ಲೇ ಇವೆ. ಗುಲಾಬಿ ಬಣ್ಣದ ಗ್ರಾನೈಟ್ ಕಂಬವನ್ನು ಕೆತ್ತಿಸಿದವನು ಈಜಿಪ್ಟಿನ ಫೇರೋ ಮೂರನೆಯ ಥುಟ್ಮೋಸ್. ಅದನ್ನು ತರಿಸಿಕೊಂಡು 390ರಲ್ಲಿ ಇಲ್ಲಿ ನಿಲ್ಲಿಸಿದವನು ಚಕ್ರವರ್ತಿ ಥಿಯೋಡೋಸಿಯಸ್. ಪೀಠದ ಕಲ್ಲಿನಲ್ಲಿ ಚಕ್ರವರ್ತಿ ಕುಟುಂಬ ಸಮೇತ ಕುಳಿತು ಆಟ ನೋಡುತ್ತಿದ್ದಾನೆ. ಇನ್ನೊಂದು ಮಗ್ಗುಲಲ್ಲಿ ಕಂಬವನ್ನು ಎತ್ತಿ ನಿಲ್ಲಿಸುವ ಕೆಲಸವನ್ನೇ ಕೆತ್ತಿದ್ದಾರೆ. ಎಂಜಿನಿಯರ್ ಗೆಳತಿ ಮೊದಲು ಕುಕ್ಕರುಗಾಲಿನಲ್ಲಿ ಕೂತದ್ದು ಅದರ ಮುಂದೆ. ಪಕ್ಕದಲ್ಲಿ ಹೆಣೆದುಕೊಂಡ ಮೂರು ಹಾವುಗಳ ಕಂಚಿನ ಕಂಬವಿದೆ. ಕ್ರಿಸ್ತಪೂರ್ವ 479ರಲ್ಲಿ ಪರ್ಷಿಯನ್ನರನ್ನು ಸೋಲಿಸಿದ ನೆನಪಿಗೆ ಗ್ರೀಕರು ಡೆಲ್ಫಿಯ ದೇಗುಲಕ್ಕೆ ಒಪ್ಪಿಸಿದ್ದು ಅದು. ಹಾವಿನ ತಲೆಗಳು ಮುರಿದುಹೋಗಿವೆ; ಒಂದರ ತುಂಡು ಹತ್ತಿರದ ಪುರಾತತ್ವ ಸಂಗ್ರಹಾಲಯದಲ್ಲಿದೆ.

ಎದುರಿಗೇ ನೀಲಿ ಮಸೀದಿ. ಸುಲ್ತಾನ ಒಂದನೆಯ ಅಹ್ಮದ್ 1609ರಲ್ಲಿ ಕೆಲಸ ಶುರು ಮಾಡಿಸಿದ, ಆರು ಮಿನಾರುಗಳ ಈ ಮಸೀದಿಯ ಒಳಗೋಡೆಗೆ ಇಜ್ನಿಕ್ ಊರಿನ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಣ್ಣದ ಬಿಲ್ಲೆಗಳನ್ನು ಕೂರಿಸಿದ್ದಾರೆ. ಚಪ್ಪಲಿ ಬಿಟ್ಟು, ಹೆಂಗಸರು ತಲೆಗೆ ವಸ್ತ್ರ ಹೊದ್ದು ಒಳಗೆ ಹೋಗಬೇಕು. ಚೆಲುವಿನ ಮಸೀದಿ, ನಿಜ. ಆದರೆ ಆ ದಿನ ನಮ್ಮ ಹೊತ್ತನ್ನೆಲ್ಲ ಸೆಳೆದುಕೊಂಡದ್ದು ಉದ್ಯಾನದ ಆಚೆ ಬದಿಯ ಹಾಗಿಯಾ ಸೋಫಿಯಾ.

ಚಕ್ರವರ್ತಿ ಜಸ್ಟಿನಿಯನ್ 532ರಲ್ಲಿ ಆರಂಭಿಸಿ 537ರಲ್ಲಿ ಮುಗಿಸಿದ ಚರ್ಚು ಇದು. ಇಷ್ಟು ದೊಡ್ಡ ಕಟ್ಟಡಕ್ಕೆ ತಗುಲಿದ್ದು ಆರು ವರ್ಷಕ್ಕೂ ಕಡಿಮೆ. ಆಂಥೀಮಿಯಸ್ ಮತ್ತು ಇಸಿಡೋರ್ ಎಂಬ ಇಬ್ಬರು ಅದರ ಶಿಲ್ಪಿಗಳು, ಇಬ್ಬರೂ ಗಣಿತ ಬಲ್ಲವರು. 1453ರಲ್ಲಿ ಸುಲ್ತಾನ ಎರಡನೆಯ ಮೆಹ್ಮೆದ್ ಊರನ್ನು ಗೆದ್ದ ಮೇಲೆ ಚರ್ಚು ಮಸೀದಿಯಾಯಿತು, ಗಣರಾಜ್ಯ ಬಂದ ಮೇಲೆ 1935ರಲ್ಲಿ ಸಂಗ್ರಹಾಲಯವಾಯಿತು, 2020ರಲ್ಲಿ ಮತ್ತೆ ಮಸೀದಿ. 2024ರಿಂದ ವಿದೇಶಿ ಪ್ರವಾಸಿಗರಿಗೆ ಮೇಲಂತಸ್ತಿಗೆ ಮಾತ್ರ ಪ್ರವೇಶ, ಅದಕ್ಕೆ ಟಿಕೆಟ್ ಬೇರೆ. ನೆಲದ ಹಾಸು ಪ್ರಾರ್ಥನೆಗೆ ಬರುವವರಿಗೆ. ಟಿಕೆಟ್ ದರ ಆಗ 25 ಯೂರೋ ಎಂದು ನಿಗದಿಯಾಯಿತು. ಹೆಚ್ಚೆನಿಸಿದರೂ ಬಿಡಬಾರದು.

ಮೇಲಿನಿಂದ ನೋಡಿದಾಗಲೇ ಗುಮ್ಮಟದ ರಚನೆ ತಿಳಿಯುವುದು. ಗೆಳತಿ ಕೈ ಚಾಚಿ ತೋರಿಸಿದಳು: ಕೆಳಗೆ ನಾಲ್ಕು ಕಮಾನುಗಳು ಚೌಕವಾಗಿ ನಿಂತಿವೆ, ಮೇಲೆ ಕೂರಬೇಕಾದದ್ದು ವೃತ್ತ. ಚೌಕದ ಮೂಲೆಗಳನ್ನು ಬಾಗಿದ ತ್ರಿಕೋನಗಳಿಂದ ತುಂಬಿದ್ದಾರೆ. ಗುಮ್ಮಟದ ಭಾರ ಆ ತ್ರಿಕೋನಗಳ ಮೂಲಕ ನಾಲ್ಕು ದಪ್ಪ ಕಂಬಗಳಿಗೆ ಇಳಿಯುತ್ತದೆ. ಸುಮಾರು 31 ಮೀಟರ್ ಅಗಲದ ಗುಮ್ಮಟ ನೆಲದಿಂದ 55 ಮೀಟರ್ ಎತ್ತರದಲ್ಲಿದೆ. ಅದರ ಬುಡದ ಸುತ್ತ 40 ಕಿಟಕಿಗಳು. ಬೆಳಕು ಒಳನುಗ್ಗಿ ಕಲ್ಲು ಇಟ್ಟಿಗೆಯ ಭಾರವೇ ಮರೆತುಹೋಗುತ್ತದೆ. "ಮೊದಲನೆಯ ಗುಮ್ಮಟ ಇಷ್ಟು ಎತ್ತರ ಇರಲಿಲ್ಲ, ಚಪ್ಪಟೆಯಾಗಿತ್ತು. ಭೂಕಂಪಕ್ಕೆ ಸಿಕ್ಕಿ 558ರಲ್ಲಿ ಕುಸಿಯಿತು" ಎಂದರು ಮೇಷ್ಟ್ರು. ಹಳೆಯ ಇಸಿಡೋರನ ಸಂಬಂಧಿ ಇನ್ನೊಬ್ಬ ಇಸಿಡೋರ್ ಅದನ್ನು ಎತ್ತರಿಸಿ ಮತ್ತೆ ಕಟ್ಟಿದ. ಸಾವಿರ ವರ್ಷ ಕಳೆದು ಆಟೊಮನ್ ದರಬಾರಿನ ವಾಸ್ತುಶಿಲ್ಪಿ ಸಿನಾನ್ ಹೊರಗೋಡೆಗೆ ಊರೆ ಕೊಟ್ಟು ಬಲಪಡಿಸಿದ. ಮತ ಬದಲಾದರೂ ದುರಸ್ತಿ ನಿಲ್ಲಲಿಲ್ಲ. ಈ ಮಾತನ್ನು ಮೇಷ್ಟ್ರು ತಮ್ಮ ಮಕ್ಕಳಿಗೆ ಹೇಳಲೆಂದು ಪುಸ್ತಕದಲ್ಲಿ ಬರೆದುಕೊಂಡರು.

ಮೇಲಂತಸ್ತಿನ ಗೋಡೆಯಲ್ಲಿ ಹದಿಮೂರನೆಯ ಶತಮಾನದ ಕ್ರಿಸ್ತನ ಮೊಸಾಯಿಕ್ ಚಿತ್ರವಿದೆ. ಕೆಳಭಾಗ ಉದುರಿಹೋಗಿದ್ದರೂ ಮುಖದ ಕರುಣೆ ಹಾಗೇ ಉಳಿದಿದೆ. ಹತ್ತಿರದ ಅಮೃತಶಿಲೆಯ ಕಟಾಂಜನದ ಮೇಲೆ ಯಾರೋ ವೈಕಿಂಗ್ ಸೈನಿಕ ತನ್ನ ಹೆಸರನ್ನು ಗೀರಿದ್ದಾನೆ. ಚಕ್ರವರ್ತಿಯ ಕಾವಲಿಗೆ ಉತ್ತರ ಯುರೋಪಿನಿಂದ ಬಂದ ಕೂಲಿ ಸೈನಿಕರ ಪೈಕಿ ಒಬ್ಬನಿರಬೇಕು.

ಮಧ್ಯಾಹ್ನದ ಬಾಂಗ್ ಆಗುವ ಹೊತ್ತಿಗೆ ನಾವು ನೆಲದಡಿಗೆ ಇಳಿದಿದ್ದೆವು. ಮಸೀದಿಗಳು ಮುಚ್ಚಿರುವ ಆ ಹೊತ್ತನ್ನು ಕಳೆಯಲು ಯೆರೆಬಾತಾನ್ ಜಲಾಗಾರಕ್ಕಿಂತ ಒಳ್ಳೆಯ ಜಾಗವಿಲ್ಲ. ಇದೂ ಜಸ್ಟಿನಿಯನ್ ಕಾಲದ್ದೇ. ಸಾಲಿಗೆ 28ರಂತೆ 12 ಸಾಲು, ಒಟ್ಟು 336 ಕಂಬಗಳು, ಒಂದೊಂದೂ 9 ಮೀಟರ್ ಎತ್ತರ. ಊರಾಚೆಯ ಕಾಡಿನಿಂದ ಕಾಲುವೆಗಳಲ್ಲಿ ಹರಿದು ಬಂದ ನೀರು ಇಲ್ಲಿ ನಿಂತು ಅರಮನೆಗೆ ಹೋಗುತ್ತಿತ್ತು. ಕಂಬಗಳು ಬಹುತೇಕ ಹಳೆಯ ಕಟ್ಟಡಗಳಿಂದ ತಂದವು; ಹಾಗಾಗಿ ಬೋದಿಗೆಗಳು ಒಂದೊಂದು ಬಗೆ. ಮೂಲೆಯ ಎರಡು ಕಂಬಗಳ ಬುಡಕ್ಕೆ ಗ್ರೀಕ್ ಪುರಾಣದ ರಾಕ್ಷಸಿ ಮೆಡೂಸಾಳ ದೊಡ್ಡ ಕಲ್ಲಿನ ತಲೆಗಳನ್ನು ಕೊಟ್ಟಿದ್ದಾರೆ, ಒಂದು ತಲೆಕೆಳಗಾಗಿ, ಇನ್ನೊಂದು ಅಡ್ಡಲಾಗಿ. ಹದಿನಾರನೆಯ ಶತಮಾನದಲ್ಲಿ ಪೀಟರ್ ಗಿಲಿಯಸ್ ಎಂಬ ಫ್ರೆಂಚ್ ವಿದ್ವಾಂಸ ಬಂದಾಗ ಇಂಥದ್ದೊಂದು ಇದೆ ಎಂಬುದೇ ಮರೆತುಹೋಗಿತ್ತಂತೆ. ಮೇಲಿನ ಮನೆಗಳವರು ಮಾತ್ರ ನೆಲದ ಕಿಂಡಿಯಿಂದ ಕೊಡ ಇಳಿಬಿಟ್ಟು ನೀರು ಸೇದುತ್ತಿದ್ದರು, ಮೀನನ್ನೂ ಹಿಡಿಯುತ್ತಿದ್ದರು. ಆ ಜಾಡು ಹಿಡಿದೇ ಅವನು ದೋಣಿಯಲ್ಲಿ ಒಳಹೊಕ್ಕು ನೋಡಿದ.

ಊಟದ ವಿಷಯ ನಮ್ಮ ಓದುಗರಲ್ಲಿ ಅನೇಕರಿಗೆ ಮುಖ್ಯ. ಮಾಂಸಾಹಾರಿಗಳಿಗೆ ಇಲ್ಲಿ ಹಬ್ಬ, ಸಸ್ಯಾಹಾರಿಗಳಿಗೂ ಕೊರತೆಯಿಲ್ಲ. ಕೆಂಪು ಬೇಳೆಯ ಸಾರಿನಂಥ ಮೆರ್ಜಿಮೆಕ್ ಚೋರ್ಬಾ, ಗಿಣ್ಣು ಅಥವಾ ಸೊಪ್ಪು ತುಂಬಿ ಕಾವಲಿಯ ಮೇಲೆ ಬೇಯಿಸಿದ ಗ್ಯೋಜ್ಲೆಮೆ, ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ಬಡಿಸುವ ಬೀನ್ಸ್, ಬದನೆ ಎಲ್ಲ ಕಡೆ ಸಿಗುತ್ತವೆ. ಸಾರಿಗೆ ಮಾಂಸದ ರಸ ಹಾಕಿದ್ದಾರೆಯೇ ಎಂದು ಕೇಳಿಕೊಳ್ಳಬೇಕು ಅಷ್ಟೇ. ಚಹಾಕ್ಕೆ ಹಾಲಿಲ್ಲ. ಕಪ್ಪು ಸಮುದ್ರದ ದಂಡೆಯ ರಿಜೆ ಸೀಮೆಯಲ್ಲಿ ಬೆಳೆದ ಎಲೆಯ ಕಡುಗೆಂಪು ಚಹಾ, ನಡು ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ, ದಿನವಿಡೀ.

ಟ್ರಾಮ್ ಹತ್ತಿ ಬೆಯಾಜಿತ್‌ನಲ್ಲಿ ಇಳಿದರೆ ದೊಡ್ಡ ಬಜಾರು. ಸುಲ್ತಾನ ಎರಡನೆಯ ಮೆಹ್ಮೆದ್ ಊರು ಗೆದ್ದ ಕೆಲವೇ ವರ್ಷಗಳಲ್ಲಿ ಕಟ್ಟಿಸಲಾರಂಭಿಸಿದ ಇಲ್ಲಿ ಈಗ ಸುಮಾರು 4,000 ಅಂಗಡಿಗಳಿವೆ. ದೀಪ, ರತ್ನಗಂಬಳಿ, ಚಿನ್ನ, ಚರ್ಮ ನೋಡಲು ಸೊಗಸು. ಆದರೆ ಅಲ್ಲಿ ಕೊಳ್ಳುವವರು ಹೆಚ್ಚಾಗಿ ನಮ್ಮಂಥ ಪರದೇಶದವರು. ಜವಳಿ ಗೆಳೆಯನ ಮುಖ ಅರಳಿದ್ದು ಬಜಾರಿನ ಹಿಂಬಾಗಿಲಿನಿಂದ ಹೊರಬಿದ್ದು ಮಹ್ಮುತ್‌ಪಾಷಾ ಇಳಿಜಾರು ಬೀದಿ ಹಿಡಿದ ಮೇಲೆ. ಮದುವೆಯ ಉಡುಪು, ಥಾನುಗಟ್ಟಲೆ ಬಟ್ಟೆ, ಲೇಸು, ಗುಂಡಿ. ಬೆನ್ನ ಮೇಲೆ ಗಂಟು ಹೊತ್ತ ಹಮಾಲರು. ಮಗಳ ಮದುವೆಗೆ ಕೊಳ್ಳಲು ಬಂದ ತಾಯಂದಿರು. "ಇದು ನಮ್ಮ ದುರ್ಗದಬೈಲ ಐತಿ ನೋಡೋ, ಬರೇ ಭಾಷಾ ಬ್ಯಾರೆ" ಎಂದ. ಒಬ್ಬ ವ್ಯಾಪಾರಿಯ ಜೊತೆ ಬಟ್ಟೆಯ ನೂಲನ್ನು ಬೆರಳಲ್ಲಿ ಉಜ್ಜಿ ತೋರಿಸುತ್ತ, ಕ್ಯಾಲ್ಕ್ಯುಲೇಟರಿನಲ್ಲಿ ಬೆಲೆ ಒತ್ತುತ್ತ ಬಹಳ ಹೊತ್ತು ಮಾತಾಡಿದ. ಇಬ್ಬರಿಗೂ ಹೊಂದುವ ಒಂದು ಭಾಷೆ ಇರಲಿಲ್ಲ. ವ್ಯಾಪಾರ ಕುದುರಿತು, ಚಹಾವೂ ಬಂತು.

ಬೀದಿಯ ಕೊನೆಗೆ ಸಗಟು ಅಂಗಡಿಗಳ ನಡುವೆ, ಕಣ್ಣಿಗೆ ಬೀಳದಂಥ ಮೆಟ್ಟಿಲು ಹತ್ತಿದರೆ ರುಸ್ತೆಮ್ ಪಾಷಾ ಮಸೀದಿ. ಸಿನಾನ್ 1560ರ ದಶಕದಲ್ಲಿ ಕಟ್ಟಿದ್ದು. ಕೆಳಗೆ ಅಂಗಡಿಗಳು, ಅವುಗಳ ಬಾಡಿಗೆಯಿಂದ ಮೇಲಿನ ಮಸೀದಿಯ ಖರ್ಚು. ಹತ್ತಿರದ ಮಸಾಲೆ ಬಜಾರೂ ಹೊಸ ಮಸೀದಿಯ ನಿರ್ವಹಣೆಗೆ ಆದಾಯ ಬರಲೆಂದು 1660ರ ದಶಕದಲ್ಲಿ ಎದ್ದದ್ದು. ಒಂದೇ ಒಂದು ಮಸೀದಿ ನೋಡಲು ಸಮಯವಿದ್ದರೆ ರುಸ್ತೆಮ್ ಪಾಷಾವನ್ನೇ ನೋಡಿ ಎನ್ನುತ್ತೇನೆ. ನೀಲಿ ಮಸೀದಿಯಲ್ಲಿ ಬಿಲ್ಲೆಗಳು ದೂರ, ಮೇಲೆಲ್ಲೋ ಇವೆ. ಇಲ್ಲಿ ಕಣ್ಣಿನ ನೇರಕ್ಕೆ, ಟೊಮೆಟೊ ಕೆಂಪಿನ ಟ್ಯುಲಿಪ್ ಹೂಗಳು ಕೈಗೆಟಕುವಷ್ಟು ಸಮೀಪ.

ಸಂಜೆ ಐದೂವರೆಗೆ ಎಮಿನೋನುವಿನ ದೋಣಿಕಟ್ಟೆ. ಕೆಲಸ ಮುಗಿಸಿದವರ ಜೊತೆ ನೂಕಾಡಿಕೊಂಡೇ ಕಾಡಿಕೋಯ್ ದೋಣಿ ಹತ್ತಿದೆವು. ಯುರೋಪಿನ ದಡದಿಂದ ಏಷ್ಯಾದ ದಡಕ್ಕೆ ಅರ್ಧ ಗಂಟೆಯೂ ಹಿಡಿಯದು. ಬಸ್ಸಿಗೆ, ಟ್ರಾಮಿಗೆ ನಡೆಯುವ ಕಾರ್ಡೇ ಇಲ್ಲಿಯೂ ನಡೆಯುತ್ತದೆ. ಪ್ರವಾಸಿ ದೋಣಿಗಳ ಏಜೆಂಟರು ಕಟ್ಟೆಯುದ್ದಕ್ಕೂ ಕರೆಯುತ್ತಾರೆ, ಹೋಗಬೇಕಿಲ್ಲ. ಜನ ಮನೆಗೆ ಹೋಗುವ ಈ ದೋಣಿಯ ಹೊರಬದಿಯ ಬೆಂಚಿನಿಂದಲೇ ಹಾಗಿಯಾ ಸೋಫಿಯಾ, ನೀಲಿ ಮಸೀದಿ, ತೋಪ್‌ಕಾಪಿಯ ಗೋಪುರಗಳು ಒಂದೇ ಸಾಲಿನಲ್ಲಿ ಕಾಣುತ್ತವೆ. ಪಕ್ಕದ ಹೆಂಗಸು ತರಕಾರಿ ಚೀಲವನ್ನು ಕಾಲ ನಡುವೆ ಇಟ್ಟುಕೊಂಡು ಕಡಲಹಕ್ಕಿಗಳಿಗೆ ಸಿಮಿತ್ ಎಸೆಯುತ್ತಿದ್ದರು.

ಅರಮನೆಯ ತುದಿ ದಾಟುವಾಗ ಮೇಷ್ಟ್ರು ಕನ್ನಡನಾಡಿನ ಒಂದು ಕಥೆ ತೆಗೆದರು. 1786ರಲ್ಲಿ ಟಿಪ್ಪು ಸುಲ್ತಾನ ಕಳುಹಿಸಿದ ರಾಯಭಾರಿಗಳ ತಂಡ ಗೋಕರ್ಣದ ಪಕ್ಕದ ತದಡಿ ಬಂದರಿನಿಂದ ನಾಲ್ಕು ಹಡಗುಗಳಲ್ಲಿ ಹೊರಟಿತು. ಮುಂದಾಳು ಗುಲಾಮ್ ಅಲಿ ಖಾನ್. ದಾರಿಖರ್ಚಿಗೆ ಮಾರಲು ಕರಾವಳಿಯ ಮೆಣಸು, ಗಂಧ, ಏಲಕ್ಕಿ. ಬಸ್ರಾದ ದಾರಿಯಾಗಿ ಮರುವರ್ಷ ಇಲ್ಲಿಗೆ ತಲುಪಿ ಸುಲ್ತಾನ ಒಂದನೆಯ ಅಬ್ದುಲ್ ಹಮೀದನನ್ನು ಕಂಡರು; ಬ್ರಿಟಿಷರ ವಿರುದ್ಧ ಬಯಸಿದ ಸೈನ್ಯದ ನೆರವು ದೊರಕಲಿಲ್ಲ. ಹಡಗು ಅಪಘಾತ, ಪ್ಲೇಗು, ಚಳಿಗೆ ಸಿಕ್ಕಿ ಹೊರಟ ನೂರಾರು ಮಂದಿಯಲ್ಲಿ ಊರಿಗೆ ಮರಳಿದವರು ಕೆಲವರೇ. ನಮ್ಮ ಸಿಪಾಯಿಗಳು, ಅಡುಗೆಯವರು ಈ ದಡದಲ್ಲಿ ಮಣ್ಣಾದರು ಎಂಬ ಸಂಗತಿ ನನ್ನನ್ನು ತುಂಬ ಹೊತ್ತು ಬಿಡಲಿಲ್ಲ. ತೋಪ್‌ಕಾಪಿಗೆ ಹೋಗುವ ಕನ್ನಡಿಗರು ಅವರನ್ನು ಒಮ್ಮೆ ನೆನೆಯಬೇಕು.

ಕಾಡಿಕೋಯ್‌ನ ಹಳೆಯ ಹೆಸರು ಕಾಲ್ಸೆಡಾನ್. ಎದುರಿನ ದಡದ ಅಷ್ಟು ಒಳ್ಳೆಯ ಜಾಗ ಬಿಟ್ಟು ಇಲ್ಲಿ ನೆಲೆಸಿದವರು ಕುರುಡರೇ ಇರಬೇಕು ಎಂದು ಪರ್ಷಿಯಾದ ಸೇನಾಪತಿಯೊಬ್ಬ ಅಂದದ್ದನ್ನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಇಲ್ಲಿನ ಸಂತೆಬೀದಿ ನೋಡಿದ್ದರೆ ಹಾಗೆ ಅನ್ನುತ್ತಿರಲಿಲ್ಲ. ಆಲಿವ್ ರಾಶಿ, ಉಪ್ಪಿನಕಾಯಿ ಭರಣಿಗಳು, ಮಂಜಿನ ಮೇಲೆ ಹರಡಿದ ಮೀನು, ಪುಸ್ತಕದಂಗಡಿಗಳು, ಕೂತಲ್ಲೆಲ್ಲ ಬೆಕ್ಕು; ಪ್ರವಾಸಿಗರ ಗದ್ದಲ ಕಡಿಮೆ.

ಕತ್ತಲಾದ ಮೇಲೆ ಕರಾಕೋಯ್‌ಗೆ ಇನ್ನೊಂದು ದೋಣಿ. ಗಲಾಟಾ ಗೋಪುರಕ್ಕೆ ಹತ್ತುವ ಸಾಲು ಉದ್ದವಾಗಿತ್ತು, ಬಿಟ್ಟೆವು. 1348ರಲ್ಲಿ ಜಿನೋವಾ ವರ್ತಕರು ಕಟ್ಟಿದ ಗೋಪುರ ಕೆಳಗಿನಿಂದ ನೋಡಲೇ ಚೆನ್ನ. ಗುಡ್ಡ ಏರಿಸಿದ್ದು ತ್ಯುನೆಲ್. 1875ರಲ್ಲಿ ಶುರುವಾದ ಈ ಸುರಂಗದ ಗಾಡಿ ಲಂಡನ್ನಿನ ಮೆಟ್ರೊ ಬಿಟ್ಟರೆ ಜಗತ್ತಿನಲ್ಲೇ ಹಳೆಯದು. ಒಂದೂವರೆ ನಿಮಿಷದಲ್ಲಿ ಮೇಲಕ್ಕೆ ತಲುಪಿಸುತ್ತದೆ. ಅಲ್ಲಿಂದ ಇಸ್ತಿಕ್ಲಾಲ್ ಬೀದಿ ತಕ್ಸಿಮ್ ಚೌಕದವರೆಗೆ, ಗಂಟೆ ಬಾರಿಸುತ್ತ ಬರುವ ಕೆಂಪು ಟ್ರಾಮಿಗೆ ದಾರಿ ಬಿಡುತ್ತ ಜನವೋ ಜನ. ಮರುದಿನ ಶುಕ್ರವಾರ, ಅರಮನೆಯನ್ನು ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನದ ನಮಾಜಿನ ಹೊತ್ತಿಗೆ ಪುರಾತತ್ವ ಸಂಗ್ರಹಾಲಯ ಸೇರಿ ಆ ಹಾವಿನ ತಲೆಯನ್ನು ನೋಡುವುದೆಂದು ನಡೆಯುತ್ತಲೇ ತೀರ್ಮಾನವಾಯಿತು. ಜವಳಿ ಗೆಳೆಯ ಮಾತ್ರ ಬರುವುದಿಲ್ಲ ಎಂದ. ಅವನಿಗೆ ಮಹ್ಮುತ್‌ಪಾಷಾದಲ್ಲಿ ಹತ್ತು ಗಂಟೆಗೆ ಚಹಾದ ಕರೆ ಇತ್ತು.