ಸಂಡೂರು ಗುಡ್ಡದ ತುಂಬ ಕಬ್ಬಿಣ. ಪರೀಕ್ಷೆ ಮಕ್ಕಳ ರಕ್ತದಲ್ಲಿ ಎಷ್ಟು?

ಹೊಸಪೇಟೆ: ಪರೀಕ್ಷೆ ಹತ್ತಿರ ಬಂತೆಂದರೆ ಸಂಜೆ ಹೊತ್ತು ಇಲ್ಲಿಯ ಬಸ್ ನಿಲ್ದಾಣದಲ್ಲಿ ಒಂದು ಬೇರೆ ನಮೂನೆಯ ಗದ್ದಲ ಶುರುವಾಗುತ್ತದೆ. ಟ್ಯೂಷನ್ ಮುಗಿಸಿ ಕಂಪ್ಲಿ ಬಸ್ಸು, ಸಂಡೂರು ಬಸ್ಸು ಕಾಯುತ್ತ ನಿಂತ ಎಸ್ಸೆಸ್ಸೆಲ್ಸಿ ಮಕ್ಕಳು ಗುಂಪು ಕಟ್ಟಿಕೊಂಡು ‘ಹೈಡ್ರೋಜನ್, ಹೀಲಿಯಂ, ಲಿಥಿಯಂ, ಬೆರಿಲಿಯಂ’ ಅಂತ ಒಂದೇ ಉಸಿರಿಗೆ ಒಪ್ಪಿಸಿಕೊಳ್ಳುತ್ತವೆ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹಣ್ಣಿನ ಅಜ್ಜಿಗೆ ಅದು ಮಂತ್ರದ ಹಾಗೆ ಕೇಳಿಸಿದರೆ ಆಕೆಯ ತಪ್ಪಲ್ಲ. ಹೇಳುವ ಮಕ್ಕಳಿಗೂ ಬಹುಪಾಲು ಅದು ಮಂತ್ರವೇ. ಇಪ್ಪತ್ತನೆಯ ಕ್ಯಾಲ್ಸಿಯಂ ಬಂದೊಡನೆ ಗಾಡಿ ನಿಲ್ಲುತ್ತದೆ. ಇನ್ನು ಐದಾರು ಮನೆ ಮುಂದೆ ಹೋದರೆ ತಮ್ಮೂರೇ ಸಿಗುತ್ತದೆ ಎಂದು ಯಾರೂ ಅವರಿಗೆ ಹೇಳಿದಂತಿಲ್ಲ.

25ನೆಯ ಮನೆ ಮ್ಯಾಂಗನೀಸ್. 26 ಕಬ್ಬಿಣ. ಕೋಷ್ಟಕದಲ್ಲಿ ಅಕ್ಕಪಕ್ಕ ಇರುವ ಈ ಎರಡು ಧಾತುಗಳು ಸಂಡೂರಿನ ಗುಡ್ಡಸಾಲಿನಲ್ಲೂ ಅಕ್ಕಪಕ್ಕವೇ ಬಿದ್ದುಕೊಂಡಿವೆ. 1954ರಲ್ಲಿ ಹುಟ್ಟಿದ ಸಂಡೂರಿನ ಕಂಪನಿಯ ಹೆಸರಿನಲ್ಲೇ ಎರಡೂ ಇವೆ. ದೋಣಿಮಲೆಯಲ್ಲಿ ಎನ್‌ಎಂಡಿಸಿಯವರ ಕಬ್ಬಿಣದ ಗಣಿ ಶುರುವಾದದ್ದು 1977ರಲ್ಲಿ. ಟಾರ್ಚಿಗೆ ಹಾಕುವ ಮಾಮೂಲಿ ಸೆಲ್ಲನ್ನು ಒಡೆದರೆ ಕೈಗೆ ಮೆತ್ತಿಕೊಳ್ಳುವ ಕರಿ ಪುಡಿಯಲ್ಲಿ ಮುಖ್ಯವಾಗಿ ಇರುವುದು ಇದೇ ಮ್ಯಾಂಗನೀಸಿನ ಡೈಆಕ್ಸೈಡು.

ಇನ್ನೊಂದು ಸಂಗತಿ. 1869ರಲ್ಲಿ ರಷ್ಯಾದ ಮೆಂಡಲೀವ್ ಈ ಕೋಷ್ಟಕ ಹಾಕಿದಾಗ ಗೊತ್ತಿದ್ದ ಧಾತುಗಳು ಬರೇ 63. ಗುಣ ಹೊಂದದ ಕಡೆ ಆತ ಸುಮ್ಮನೆ ತುಂಬಲಿಲ್ಲ, ಮನೆ ಖಾಲಿ ಬಿಟ್ಟ. ಆ ಖಾಲಿ ಮನೆಗಳಿಗೆ ಹೆಸರಿಡಲು ಬಳಸಿದ್ದು ನಮ್ಮ ಸಂಸ್ಕೃತದ ‘ಏಕ’, ‘ದ್ವಿ’. ಮ್ಯಾಂಗನೀಸಿನ ಕೆಳಗಿನ ಖಾಲಿ ಮನೆ ಏಕ-ಮ್ಯಾಂಗನೀಸ್. ಅದು ತುಂಬಿದ್ದು 1937ರಲ್ಲಿ, ಟೆಕ್ನೀಶಿಯಂ ಸಿಕ್ಕ ಮೇಲೆ. ಇವತ್ತು ದೊಡ್ಡ ಆಸ್ಪತ್ರೆಗಳಲ್ಲಿ ಎಲುಬಿನ ಸ್ಕ್ಯಾನ್, ಹೃದಯದ ಸ್ಕ್ಯಾನ್ ಮಾಡಲು ರಕ್ತಕ್ಕೆ ಚುಚ್ಚುವುದು ಆ ಟೆಕ್ನೀಶಿಯಂನ ಒಂದು ರೂಪವನ್ನೇ. ಈಗ ಕೋಷ್ಟಕದಲ್ಲಿ 118 ಮನೆ, 18 ಗುಂಪು, 7 ಆವರ್ತ.

ಈ ಅಧ್ಯಾಯವನ್ನೇ ಎನ್‌ಸಿಇಆರ್‌ಟಿಯವರು ಹತ್ತನೇ ತರಗತಿ ಪುಸ್ತಕದಿಂದ ಕಿತ್ತು ಹಾಕಿದ್ದು 2023ರಲ್ಲಿ ದೇಶದ ತುಂಬ ಗುಲ್ಲಾಯಿತು. ಮಕ್ಕಳ ಹೊರೆ ಇಳಿಸಲು ಹಾಗೆ ಮಾಡಿದ್ದಂತೆ. ಇಳಿದದ್ದು ಯಾವ ಹೊರೆಯೋ! ಸಂಯೋಜನಾ ಸಾಮರ್ಥ್ಯ ಗೊತ್ತಿಲ್ಲದೆ ಸಮೀಕರಣ ಸರಿದೂಗಿಸಲು ಬರುವುದಿಲ್ಲ. ಪಿಯುಸಿಗೆ ಹೋಗಿ ಸೈನ್ಸ್ ತಗೊಂಡ ಹುಡುಗ ಮೊದಲ ತಿಂಗಳೇ ಕಂಗಾಲಾಗುತ್ತಾನೆ.

ಹಾಗೆ ನೋಡಿದರೆ ಕೋಷ್ಟಕ ಕಲಿಯಲು ಕಿರಾಣಿ ಅಂಗಡಿಗಿಂತ ಒಳ್ಳೆಯ ಜಾಗವಿಲ್ಲ. ಒಂದೇ ನಮೂನೆಯ ಸಾಮಾನು ಒಂದೇ ಕಂಬಸಾಲಿನಲ್ಲಿ, ಅಷ್ಟೇ ಗುಟ್ಟು. ಮೇಲಿಂದ ಕೆಳಕ್ಕೆ ಇರುವುದು ಗುಂಪು, ಎಡದಿಂದ ಬಲಕ್ಕೆ ಆವರ್ತ. 17ನೆಯ ಗುಂಪನ್ನೇ ತಗೊಳ್ಳಿ. ಮೇಲ್ಗಡೆ ಫ್ಲೋರಿನ್, ಕೆಳಗೆ ಕ್ಲೋರಿನ್, ಬ್ರೋಮಿನ್, ಅಯೋಡಿನ್. ಕ್ಲೋರಿನ್ ನಳದ ನೀರಿಗೆ ಹಾಕುವ ಬ್ಲೀಚಿಂಗ್ ಪೌಡರಿನಲ್ಲಿದೆ. ಅಯೋಡಿನ್ ಉಪ್ಪಿನ ಪಾಕೀಟಿನಲ್ಲಿದೆ. ಅದಿಲ್ಲದೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಕೆಲಸ ಮಾಡದು. ಫ್ಲೋರಿನ್? ಅದು ಬಳ್ಳಾರಿ, ಕೊಪ್ಪಳ ಸೀಮೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡಾಗಿ ಕೂತಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ದಾರಿಯೇ ಇಲ್ಲದಿದ್ದರೆ ಒಂದೂವರೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಎಲುಬು ಬಿಗಿಯುತ್ತದೆ. ಕಾಸಿದರೆ ಹೋಗ್ತದಲ್ಲ ಅನ್ನುವವರಿದ್ದಾರೆ. ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಫ್ಲೋರೈಡು ದಟ್ಟವಾಗುತ್ತದೆ.

ಪೊಟ್ಯಾಸಿಯಂ 19ನೆಯದು, ಸಂಕೇತ ‘ಕೆ’. ಇಂಗ್ಲಿಷ್ ಹೆಸರಿನಲ್ಲಿ ಕೆ ಎಲ್ಲಿದೆ ಎಂದು ಹುಡುಕಿ ಮಕ್ಕಳು ಸೋಲುತ್ತವೆ. ಅದು ಕೇಲಿಯಂ ಎಂಬ ಲ್ಯಾಟಿನ್ ಹೆಸರಿನದು. ಸೋಡಿಯಂಗೆ ನೇಟ್ರಿಯಂ, ಕಬ್ಬಿಣಕ್ಕೆ ಫೆರ್ರಂ, ಹೀಗೇ. ಹಂಪಿಯ ಬಂಡೆಯಲ್ಲೂ ಪೊಟ್ಯಾಸಿಯಂ ಇದೆ, ಬಂಡೆ ಬುಡದ ಬಾಳೆಹಣ್ಣಿನಲ್ಲೂ ಇದೆ, ಬಾಳೆ ತಿಂದವನ ನರದಲ್ಲೂ ಇದೆ. ಸೋಡಿಯಂ ಒಳಗೆ, ಪೊಟ್ಯಾಸಿಯಂ ಹೊರಗೆ ನುಗ್ಗಿದಾಗಲೇ ನರದಲ್ಲಿ ಸುದ್ದಿ ಓಡುವುದು.

ಇನ್ನು ದೇಹದ ಪಾಠ. ಇದಕ್ಕೂ ಬಾಯಿಪಾಠ ಬೇಡ, ಒಂದು ಮುಕ್ಕು ಮಂಡಕ್ಕಿಯ ಹಿಂದೆ ಹೊರಟರೆ ಸಾಕು. ಬಾಯಲ್ಲೇ ಎಂಜಲು ಪಿಷ್ಟವನ್ನು ಸಕ್ಕರೆ ಮಾಡಲು ಶುರು ಮಾಡುತ್ತದೆ. ಹೊಟ್ಟೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ. ಮುಂದೆ ಸುಮಾರು ಇಪ್ಪತ್ತು ಅಡಿಯ ಸಣ್ಣ ಕರುಳು. ಅಲ್ಲಿಂದ ಗ್ಲೂಕೋಸು ರಕ್ತಕ್ಕೆ. ರಕ್ತದ ಮೂಲಕ ಜೀವಕೋಶಕ್ಕೆ ಹೋಗಿ ಆಮ್ಲಜನಕದ ಜೊತೆ ಸೇರಿ ಶಕ್ತಿ ಕೊಡುತ್ತದೆ. ಹುಟ್ಟಿದ ಕಾರ್ಬನ್ ಡೈಆಕ್ಸೈಡು ಶ್ವಾಸಕೋಶದಿಂದ ಆಚೆ. ಮಂಡಕ್ಕಿಗೆ ಬೆರೆಸಿದ ಪುಠಾಣಿಯ ಪ್ರೋಟೀನಿನಿಂದ ಬಂದ ಯೂರಿಯಾ ಮೂತ್ರಪಿಂಡದ ಮೂಲಕ ಆಚೆ. ಜೀರ್ಣ, ಪರಿಚಲನೆ, ಉಸಿರಾಟ, ವಿಸರ್ಜನೆ ನಾಲ್ಕೂ ಒಂದೇ ಪೊಟ್ಟಣದಲ್ಲಿ ಮುಗಿದವು.

ಮಕ್ಕಳು ಎಡವುವುದು ಅಪಧಮನಿ, ಅಭಿಧಮನಿಗಳಲ್ಲಿ. ಅಪಧಮನಿ ಎಂದರೆ ಶುದ್ಧ ರಕ್ತ ಅಂತ ಬರೆದು ಅಂಕ ಕಳಕೊಳ್ಳುತ್ತವೆ. ಬಸ್ಸಿನಲ್ಲಿ ಓಡಾಡುವವರಿಗೆ ಇದು ಸುಲಭ. ಹೃದಯವೇ ಡಿಪೋ. ಡಿಪೋದಿಂದ ಹೊರಟದ್ದು ಅಪಧಮನಿ, ಡಿಪೋಗೆ ಮರಳುವುದು ಅಭಿಧಮನಿ. ಒಳಗೆ ಜನ ತುಂಬಿದ್ದಾರೋ ಖಾಲಿಯೋ ಎಂಬುದು ಬೇರೆ ಮಾತು. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಆಮ್ಲಜನಕ ಕಡಿಮೆ. ಅದು ಜನ ಹತ್ತಿಸಿಕೊಳ್ಳಲು ಹೊರಟ ಬಸ್ಸು. ತುಂಬಿಕೊಂಡು ಮರಳುವುದು ಶ್ವಾಸಕೋಶದ ಅಭಿಧಮನಿ.

ಆ ಬಸ್ಸಿನ ಸೀಟು ಯಾವುದರದು? ಕಬ್ಬಿಣದ್ದು. ಹಿಮೋಗ್ಲೋಬಿನ್ನಿನ ಒಂದೊಂದು ಅಣುವಿನಲ್ಲಿ ನಾಲ್ಕು ಕಬ್ಬಿಣದ ಪರಮಾಣು. ಒಂದೊಂದೂ ಒಂದು ಆಮ್ಲಜನಕದ ಅಣುವನ್ನು ಹಿಡಿದು ಕೂರಿಸಿಕೊಳ್ಳುತ್ತದೆ. ಸಂಡೂರಿನ ಕೆಂಪು ಅದಿರಿನ ಹೆಸರು ಹೆಮಟೈಟ್. ಹೆಮಟೈಟು, ಹಿಮೋಗ್ಲೋಬಿನ್ನು ಎರಡರ ಬೇರೂ ಗ್ರೀಕ್ ಭಾಷೆಯ ‘ರಕ್ತ’ ಎಂಬ ಮಾತೇ. ಅದಿರು ಅರೆದರೆ ರಕ್ತದ ಬಣ್ಣ ಬರುವುದರಿಂದ ಆ ಹೆಸರು.

‘ಹಂಗಾದ್ರ ಲಾರಿ ಧೂಳು ಕುಡದ್ರ ರಕ್ತ ಹೆಚ್ಚಾಗ್ತದೇನ್ರೀ?’ ಎಂಬುದು ಸಂಡೂರು ಕಡೆಯ ತುಂಟ ಹುಡುಗರಿಗೆ ಹೊಳೆಯಬೇಕಾದ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ಹೆಮಟೈಟಿನಲ್ಲಿ ಕಬ್ಬಿಣ ಆಮ್ಲಜನಕದ ಜೊತೆ ಗಂಟು ಬಿದ್ದಿದೆ. ಗಂಟು ಬಿಚ್ಚಲು ತೋರಣಗಲ್ಲಿನ ಊದುಕುಲುಮೆಯೇ ಬೇಕು, ಅಲ್ಲಿ ಕೋಕ್ ಉರಿದು ಹುಟ್ಟಿದ ಕಾರ್ಬನ್ ಮಾನಾಕ್ಸೈಡು ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಮನುಷ್ಯನ ಹೊಟ್ಟೆಯಲ್ಲಿ ಅಂಥ ಕುಲುಮೆ ಇಲ್ಲ. ಧೂಳು ಶ್ವಾಸಕೋಶದಲ್ಲಿ ಕೂತು ಕೆಮ್ಮು ತರಬಹುದೇ ಹೊರತು ರಕ್ತಕ್ಕೆ ಕಬ್ಬಿಣ ಕೊಡದು.

ಇಲ್ಲೇ ಇರುವುದು ಈ ಸೀಮೆಯ ನಿಜವಾದ ಸಂಕಟ. ರೈಲುಗಟ್ಟಲೆ ಕಬ್ಬಿಣ ಹೊರ ಕಳಿಸುವ ನೆಲದ ಮಕ್ಕಳೇ ರಕ್ತಹೀನತೆಯಿಂದ ಬೆಂಚಿನ ಮೇಲೆ ತೂಕಡಿಸುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವಯಸ್ಸಿನ ನೂರು ಹುಡುಗಿಯರಲ್ಲಿ 59 ಜನಕ್ಕೆ ರಕ್ತಹೀನತೆ. ಬೇಕಾದ ಕಬ್ಬಿಣವಾದರೂ ಎಷ್ಟು? ದೊಡ್ಡವರ ಇಡೀ ಮೈಯಲ್ಲಿ ಇರುವುದು ಮೂರು ನಾಲ್ಕು ಗ್ರಾಂ, ಒಂದು ಮೊಳೆಯಷ್ಟು. ಕೆಂಪು ರಕ್ತಕಣದ ಆಯುಸ್ಸು 120 ದಿನ. ಹಳೆಯ ಕಬ್ಬಿಣವನ್ನೇ ಮೈ ಮತ್ತೆ ಬಳಸಿಕೊಳ್ಳುತ್ತದೆ. ಸೋರಿಹೋದದ್ದನ್ನಷ್ಟೇ ಊಟದಿಂದ ತುಂಬಬೇಕು. ಹುಡುಗಿಯರಿಗೆ ತಿಂಗಳು ತಿಂಗಳೂ ಸೋರುತ್ತದೆ, ಕೊಕ್ಕೆಹುಳು ಇದ್ದರೆ ದಿನವೂ.

ಅದಕ್ಕೇ ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುವುದು. ಅದರಲ್ಲಿರುವುದು 26ನೆಯ ಮನೆಯ ಅದೇ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ. ಹೊಟ್ಟೆ ತೊಳಸುತ್ತದೆ ಅಂತ ಎಷ್ಟೋ ಮಕ್ಕಳು ಮಾತ್ರೆಯನ್ನು ಕಿಟಕಿಯಿಂದ ಆಚೆ ಎಸೆಯುತ್ತವೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹಾಗಾಗುವುದುಂಟು, ಊಟದ ಮೇಲೆ ನುಂಗಿದರೆ ಅಷ್ಟು ತೊಂದರೆ ಇಲ್ಲ. ಮಲ ಕಪ್ಪಾದರೆ ಹೆದರಬೇಕಿಲ್ಲ, ಅದು ಮೈಗೆ ಸೇರದೆ ಉಳಿದ ಕಬ್ಬಿಣ. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿದರೆ ಕಬ್ಬಿಣ ಹೆಚ್ಚು ಸೇರುತ್ತದೆ. ಊಟದ ಬೆನ್ನಿಗೇ ಚಾ ಕುಡಿದರೆ ಕಡಿಮೆ ಸೇರುತ್ತದೆ. ಬಸ್ ನಿಲ್ದಾಣದ ಚಾದವರು ಬೇಜಾರು ಮಾಡಿಕೊಳ್ಳಬಾರದು, ಒಂದು ತಾಸು ಬಿಟ್ಟು ಕುಡಿದರೆ ವ್ಯಾಪಾರಕ್ಕೇನೂ ನಷ್ಟವಿಲ್ಲ.